ಆರನೇ ನಂಬರಿನ ಕೈಗವಸು

ಸೂರ್ಯ ರಜೆ ಹಾಕಿ ಹೋಗಿ ಐವತ್ತು ದಿನ.
ಫಿನ್‌ಮಾರ್ಕಿನ ತುದಿಯ ಈ ದ್ವೀಪದಲ್ಲಿ ಅದು ಪ್ರತಿ ಚಳಿಗಾಲದ ರಿವಾಜು,
ಅವನ ಗೈರುಹಾಜರಿಗೆ ನನ್ನ ಪುಸ್ತಕದಲ್ಲಿ ಕಾಲಂ ಇಲ್ಲ.
ಮಿಕ್ಕವರದೆಲ್ಲ ಇದೆ:
ನೂರಾ ಹನ್ನೆರಡು ಜನ, ಹದಿನಾಲ್ಕು ದೇಶ,
ಒಂದು ಮೀನು.

ನಾನು ಗುಡ್ವೇಗ್, ಮೀನು ಕಾರ್ಖಾನೆಯ ಸಿಬ್ಬಂದಿ ಗುಮಾಸ್ತೆ.
ಓಸ್ಲೋದಿಂದ ಈ ಸಲ ಹೊಸ ನಮೂನೆ ಬಂತು:
‘ಸಾಮಾಜಿಕ ಹೊಣೆ, ಅಧ್ಯಾಯ ನಾಲ್ಕು, ವೈವಿಧ್ಯ ನಿರ್ವಹಣೆ.’
ಎಷ್ಟು ಭಾಷೆ? ಎಷ್ಟು ಹೆಂಗಸರು? ಹುಟ್ಟಿದ್ದೆಲ್ಲಿ?
ತುಂಬಿದೆ, ಕೂಡಿಸಿದೆ, ಶೇಕಡಾ ತೆಗೆದೆ.
ಐಲಾಳ ಹೆಸರಿನ ಹತ್ತಿರ ಮಾತ್ರ ಪೆನ್ನು ನಿಂತಿತು.
‘ಸ್ಥಳೀಯಳು ಅಂತ ಬರೀಲಾ?’
ಸಾಮಿ ಹೆಂಗಸು ಅವಳು, ಈ ಕೊಲ್ಲಿಗೆ ಮೊದಲು ಹೆಸರಿಟ್ಟವರ ಮೊಮ್ಮಗಳು.
‘ನಮ್ಮಜ್ಜಿ ಶಾಲೇಲಿ ಮನೆಮಾತು ಆಡಿದ್ದಕ್ಕೆ
ಬಾಸುಂಡೆ ಬರೋ ಹಾಗೆ ಹೊಡೆದಿದ್ರು.
ಅದಕ್ಕೊಂದು ಕಾಲಂ ಇದ್ದರೆ ಅಲ್ಲಿ ಬರಿ.’
ಇರಲಿಲ್ಲ.
‘ಇತರೆ’ ಇತ್ತು.

ಆಮೇಲೆ ಫೋಟೋದವನು ಬಂದ, ಎರವಲು ಬೂಟು ಹಾಕಿಕೊಂಡು.
ಎಲ್ಲರಿಗೂ ಬಿಳಿ ಕೋಟು, ನೀಲಿ ಟೋಪಿ, ಬಾಯಿಗೆ ಬಟ್ಟೆ,
ಕಾಣುವುದು ಕಣ್ಣಷ್ಟೇ. ಶೀತಕ್ಕೆ ಎಲ್ಲರ ಕಣ್ಣೂ ಕೆಂಪು.
‘ಹೀಗಾದರೆ ವೈವಿಧ್ಯ ಗೊತ್ತಾಗೋದು ಹೇಗೆ?’ ಅಂದ.
ಟೋಪಿ ತೆಗೆಸಿದ. ಬಟ್ಟೆ ಬಿಚ್ಚಿಸಿದ ಮುಖದಿಂದ.
ಎರಿಟ್ರಿಯಾದ ಹಬ್ತೋಮ್‌ನನ್ನು ಬೆಳಕಿಗೆ ಎಳೆದ,
ನನ್ನಂಥ ಒಣಹುಲ್ಲು ಕೂದಲಿನವರನ್ನು ಅಂಚಿಗೆ ಸರಿಸಿದ.
ನಟ್ಟನಡುವೆ ಥಾಯ್ಲೆಂಡಿನ ವಿಲಾಯಿ.
‘ಮೀನು ಎತ್ತಿ ಹಿಡೀರಿ. ಇನ್ನೂ ಸ್ವಲ್ಪ. ನಗಿ.’
ಶೇಕಡಾವನ್ನು ಮೇಲಕ್ಕೆತ್ತಿದ ರಾತ್ರಿ ಪಾಳಿಯ ನಲವತ್ತು ಜನ
ಆ ಹೊತ್ತಿಗೆ, ಕತ್ತಲೆಯೊಳಗೆ
ಇನ್ನೊಂದು ಕತ್ತಲೆ ಹೊದ್ದು ಮಲಗಿದ್ದರು.

ನಿರ್ದೇಶಕರು ಮಾತಾಡಿದರು, ಕಾಫಿ ಆರುವಷ್ಟು ಹೊತ್ತು:
‘ಐದು ಬೆರಳೂ ಒಂದೇ ಸಮ ಇರೋದಿಲ್ಲ,
ಕೂಡಿದರೇ ಮುಷ್ಟಿ!’
ಹಿಂದಿನ ಸಾಲಲ್ಲಿ ಲಿಥುವೇನಿಯಾದ ರಿಮಾಂತಾಸ್
ತನ್ನ ಎಡಗೈ ನೋಡಿಕೊಂಡ.
ನಾಲ್ಕಿವೆ. ಐದನೆಯದನ್ನು ಯಾವುದೋ ಹಡಗಿನ ಹಗ್ಗ ತಿಂದಿತ್ತು.
ಕೈಗವಸಿನ ಖಾಲಿ ಬೆರಳಿಗೆ ಗಂಟು ಹಾಕಿರುತ್ತಾನೆ,
ಏನನ್ನೋ ಮರೆಯಬಾರದೆಂದು ಕರವಸ್ತ್ರದ ತುದಿಗೆ ಹಾಕುವ ಹಾಗೆ.

ಇನ್ನು ವಿಲಾಯಿಯ ಕೈಗವಸು.
ಗೋದಾಮಿನಲ್ಲಿರುವುದು ಎರಡೇ ಅಳತೆ, ಒಂಬತ್ತು ಮತ್ತು ಹನ್ನೊಂದು,
ಈ ಊರ ಗಂಡಸರ ಅಂಗೈ ನೋಡಿ ಎಂದೋ ತರಿಸಲು ಶುರು ಮಾಡಿದ್ದು.
ಅವಳದು ಆರು.
ರಬ್ಬರಿನ ತುದಿ ಮಡಚಿಕೊಳ್ಳುತ್ತದೆ, ಚಾಕು ಜಾರುತ್ತದೆ,
ಮೂರು ವರ್ಷದಲ್ಲಿ ಏಳು ಹೊಲಿಗೆ.
ಮೂರು ಸಲ ಅರ್ಜಿ ಕೊಟ್ಟಿದ್ದಳು, ನನ್ನ ಕೈಗೇ.
‘ಆ ಅಳತೆಗೆ ಬೇಡಿಕೆ ಕಮ್ಮಿ’, ಮೇಲಿನವರ ಉತ್ತರ.
ಕೆಳಗಿನ ಸಹಿ ನನ್ನದು.

ವರದಿ ಅಚ್ಚಾಗಿ ಬಂತು, ಮೀನಿನ ಹೊಟ್ಟೆಯಷ್ಟು ನುಣುಪು.
ಮುಖಪುಟದಲ್ಲಿ ವಿಲಾಯಿ, ಕೂಸಿನ ಹಾಗೆ ಎತ್ತಿಕೊಂಡ ಮೀನು.
ಹಲ್ಲು ಬೆಳಗಿಸಿದ್ದಾರೆ,
ಹೆಬ್ಬೆರಳಿನ ಬ್ಯಾಂಡೇಜು ಅಳಿಸಿದ್ದಾರೆ.
ಎಷ್ಟು ನಾಜೂಕಾಗಿ ಅಳಿಸಿದ್ದಾರೆಂದರೆ
ನಾನು ಹೋಗಿ ಅವಳ ಕೈ ಹಿಡಿದೇ ನೋಡಬೇಕಾಯಿತು.
‘ನೋವಿದೆಯಾ?’
‘ಪುಸ್ತಕದಲ್ಲಿ ಇಲ್ಲ’ ಅಂದು ನಕ್ಕಳು,
ಫೋಟೋದ ನಗುವಲ್ಲ.

ಅಂದು ಅಧ್ಯಾಯ ನಾಲ್ಕರ ಖರ್ಚು ಬರೆಯುವಾಗ
ಛಾಯಾಗ್ರಾಹಕ, ವಿಮಾನ, ಹೋಟೆಲು, ಕೇಕು,
ಇಷ್ಟರ ಕೆಳಗೆ ಒಂದು ಸಾಲು ಸೇರಿಸಿದೆ:
‘ವೈವಿಧ್ಯ ಸಾಮಗ್ರಿ, ಹತ್ತು ಡಬ್ಬಿ.’
ಯಾರೂ ಏನೆಂದು ಕೇಳಲಿಲ್ಲ.
ಆ ಪದ ಕಂಡರೆ ಈಗ ಸಹಿ ತಾನಾಗಿ ಬೀಳುತ್ತದೆ.

ಡಬ್ಬಿಗಳು ಬಂದದ್ದು ಸೂರ್ಯನೂ ಬಂದ ವಾರ.
ತಡವಾಗಿ ಬಂದ ನೌಕರನ ಹಾಗೆ ಸಮುದ್ರದಂಚಿನಲ್ಲಿ ಇಣುಕಿ
ಹನ್ನೊಂದು ನಿಮಿಷಕ್ಕೆ ಹೊರಟೇ ಹೋದ.
ವಿಲಾಯಿ ಬೆರಳು ಒಂದೊಂದಾಗಿ ತೂರಿಸಿ
ಮುಷ್ಟಿ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು.
ಅವಳ ಹಿಂದೆ ಇನ್ನೂ ಒಂಬತ್ತು ಹೆಂಗಸರು,
ರಾತ್ರಿ ಪಾಳಿಯ ಒಬ್ಬ ಪೀಚು ಹುಡುಗ
ಕೈ ಚಾಚಿ ನಿಂತರು.
ಬೇಡಿಕೆ ಕಮ್ಮಿಯಂತೆ.

ರಿಮಾಂತಾಸ್ ಬಾಗಿಲಿಗೆ ಒರಗಿ ಕೇಳಿದ:
‘ನಾಲ್ಕು ಬೆರಳಿನದೂ ಸಿಗುತ್ತಾ?’
ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ.
ಬರೆದುಕೊಂಡೆ.